ವೈನಿ, ಪಡಸಾಲಿ ನೆಲ ಖಾಲಿ ಬಿಡ್ರಿ

‘ಹೆಂಗೈತಿ ನೋಡಿ ಹೇಳ್ರಿ’ ಎಂದು ವೈನಿ ಹಿತ್ತಲ ಬೇಲಿಯ ಮೇಲಿಂದ ಹೊಸ ಮನೆಯ ನಕ್ಷೆ ಚಾಚಿದರು. ಮಗ ಮಿರಜಿನಲ್ಲಿ ಬರೆಸಿಕೊಂಡು ಬಂದಿದ್ದಾನೆ. ಹಳೆಯ ಮಣ್ಣಿನ ಮಾಳಿಗೆ ಕೆಡವಿ ಅದೇ ಜಾಗದಲ್ಲಿ ಆರ್‌ಸಿಸಿ ಮನೆ. ದೇವರ ಖೋಲಿ ಮೂಡಣಕ್ಕಿದೆ, ಅಡುಗೆಮನೆಗೆ ಎರಡು ಕಿಟಕಿ ಇವೆ, ಬಚ್ಚಲು ಮನೆಯೊಳಗೇ ಬಂದಿದೆ. ನಡುವಿನ ಹಾಲಿನಲ್ಲಿ ಎರಡು ಗೋಡೆಗೆ ತಾಗಿಸಿ ಸೋಫಾ, ಎದುರಿಗೆ ಟಿ.ವಿ., ನಟ್ಟನಡುವೆ ಗಾಜಿನ ಟೀಪಾಯಿ, ಆ ಕಡೆಗೆ ಆರು ಕುರ್ಚಿಯ ಊಟದ ಟೇಬಲ್ಲು.

‘ಎಲ್ಲಾ ಛಲೋ ಐತ್ರಿ ವೈನಿ. ಆದ್ರ ಆಯಿ ಕೌದಿ ಎಲ್ಲಿ ಹಾಸಬೇಕು?’

‘ಅಯ್ಯ, ಅವರದೇನ್ರಿ, ಎಲ್ಲೆರ ಒಂದ ಮೂಲ್ಯಾಗ ಕುಂತ ಹೊಲ್ಕೊಂತಾರ.’

ಅತ್ತೆಯ ಮೇಲೆ ಅಕ್ಕರೆ ಇಲ್ಲದೆ ಆಡಿದ ಮಾತಲ್ಲ ಅದು. ಆಯಿಗೆ ಬಿಸಿನೀರು ಕಾಸುವುದರಿಂದ ಹಿಡಿದು ರಾತ್ರಿ ಕಾಲು ಒತ್ತುವವರೆಗೆ ವೈನಿ ಮಾಡುವುದನ್ನು ನಾನು ದಿನಾ ನೋಡುತ್ತೇನೆ. ಆದರೆ ಕೌದಿ ಮೂಲೆಯಲ್ಲಿ ಕೂತು ಮಾಡುವ ಕೆಲಸ ಎಂದು ಅವರೂ ತಿಳಿದಿದ್ದಾರಲ್ಲ, ಅದಕ್ಕೆ ನನಗೆ ತಡೆಯಲಾಗಲಿಲ್ಲ. ಬೇಲಿಗೆ ಒರಗಿಕೊಂಡು ಅಂದು ನಾವು ಆಡಿದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಮಂಗಸೂಳಿಯಲ್ಲಷ್ಟೇ ಅಲ್ಲ, ಕಾಗವಾಡ, ಅಥಣಿ, ರಾಯಬಾಗ, ಚಿಕ್ಕೋಡಿಯ ಕಡೆಗೆಲ್ಲ ಈಗ ಮಾಳಿಗೆ ಮನೆ ಕೆಡವಿ ಹೊಸದು ಕಟ್ಟಿಸುವವರೇ. ಅವರ ಕಿವಿಗೂ ಬೀಳಲಿ.

ಹಳೆ ಬಟ್ಟೆಯ ಪದರ ಕೂಡಿಸಿ ಹೊಲಿಯುವ ಕೌದಿಗೆ ಸೂಜಿ ಚುಚ್ಚುವುದು ಕಡೆಗೆ. ಅದಕ್ಕೂ ಮೊದಲಿನ ಕೆಲಸವೆಲ್ಲ ನೆಲದ ಮೇಲೆ ಹಾಸುವುದು, ತೆಗೆಯುವುದು, ಮತ್ತೆ ಹಾಸುವುದು. ಅಳತೆಯನ್ನು ಗೊತ್ತು ಮಾಡುವುದು ಸೀರೆ. ಆಯಿ ಉಡುವುದು 9 ವಾರದ ಸೀರೆ, ಅಂದರೆ 27 ಅಡಿ ಉದ್ದ. ಅದನ್ನು ನಾಲ್ಕು ಪಾಲು ಮಾಡಿದರೆ ಒಂದೊಂದು ಪಾಲು 7 ಅಡಿಗೆ ತುಸು ಕಡಿಮೆ ಬರುತ್ತದೆ. ಎರಡು ಪಾಲು ಮಗ್ಗುಲಿಗೆ ಮಗ್ಗುಲು ಕೂಡಿಸಿದರೆ ಗಂಡ, ಹೆಂಡತಿ, ನಡುವೆ ಕೂಸು ಮಲಗುವಷ್ಟು ಅಗಲ. ಉಳಿದ ಎರಡು ಪಾಲು ಅದರ ಮೇಲಿನ ಪದರ. ಗಜಕಡ್ಡಿ ಹಿಡಿಯದೆ, ಟೇಪು ಇಡದೆ, ಸೀರೆಯ ಉದ್ದವೇ ಹಾಸಿಗೆಯ ಉದ್ದ. ಸುತ್ತಲೂ ನಾಲ್ವರು ಕಾಲು ಚಾಚಿ ಕೂರಬೇಕಲ್ಲ, ಅದಕ್ಕೆ ಮತ್ತೆ ಎರಡೆರಡು ಅಡಿ ಬೇಕು. ಹಳೆಯ ಮನೆಯ ಪಡಸಾಲೆ ಈ ಲೆಕ್ಕಕ್ಕೆ ಸರಿಯಾಗಿದೆ. ಮದುವೆಯ ಪಂಕ್ತಿ, ಸುಗ್ಗಿಯ ಚೀಲ, ಬಾಣಂತಿಯ ಹೊರಸು, ಎಲ್ಲವೂ ಅದೇ ನೆಲದ ಮೇಲೆ ಬಂದು ಹೋಗುತ್ತವೆ. ಬ್ಯಾಸಿಗೆಯಲ್ಲಿ ಅದು ಕೌದಿಯದಾಗುತ್ತದೆ.

ಬ್ಯಾಸಿಗೆಯೇ ಯಾಕೆಂದರೆ, ಕಬ್ಬು ಕಾರಖಾನೆಗೆ ಹೋಗಿರುತ್ತದೆ, ದ್ರಾಕ್ಷಿ ಕಡಿದು ಮುಗಿದಿರುತ್ತದೆ, ಅರಬಿಗಳು ಗರಿಗರಿ ಒಣಗಿರುತ್ತವೆ. ಹಸಿ ಇದ್ದ ಬಟ್ಟೆಯನ್ನು ಒಳಗೆ ಸೇರಿಸಿ ಹೊಲಿದರೆ ಮಳೆಗಾಲಕ್ಕೆ ಮುಗ್ಗಲು ನಾತ ಬರುತ್ತದೆ. ಮಧ್ಯಾಹ್ನದ ಊಟ ಮುಗಿಸಿ ಭಾಂಡೆ ತೊಳೆದಿಟ್ಟು ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬರುತ್ತಾರೆ. ಸಂಜೆ ರೊಟ್ಟಿಗೆ ಹಿಟ್ಟು ನಾದುವ ಹೊತ್ತಿಗೆ ಏಳುತ್ತಾರೆ.

ಆಯಿ ಗಂಟು ಬಿಚ್ಚುವುದನ್ನು ನೋಡಬೇಕು. ವರ್ಷವಿಡೀ ಕೂಡಿಟ್ಟ ಹಳೆ ಅರಬಿಯ ಗಂಟು ಅದು. ಒಂದೊಂದನ್ನೂ ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ ನೋಡುತ್ತಾರೆ, ಎರಡು ಕೈಯಿಂದ ಜಗ್ಗುತ್ತಾರೆ, ಬಾಗಿಲ ಬೆಳಕಿಗೆ ಹಿಡಿದು ಎಲ್ಲಿ ಜಾಳಾಗಿದೆ ಎಂದು ಹುಡುಕುತ್ತಾರೆ. ತೊಳೆದು ತೊಳೆದು ಮೆತ್ತಗಾದ ಧೋತರ ಒಡಲಿಗೆ. ಇನ್ನೂ ಕಸುವಿದ್ದ ಸೀರೆ ಅಡಿಗೆ. ಗಂಡಸರ ಅಂಗಿ ಬಂದರೆ ಹೊಲಿಗೆ ಬಿಚ್ಚಿ, ಕಾಲರು ಕತ್ತರಿಸಿ ತೆಗೆದು, ಗುಂಡಿಗಳನ್ನು ಡಬ್ಬಿಗೆ ಹಾಕಿ, ಬೆನ್ನಿನ ಭಾಗವನ್ನು ಚೌಕ ಮಾಡಿಕೊಳ್ಳುತ್ತಾರೆ. ಬಣ್ಣ ಚೆನ್ನಾಗಿ ಉಳಿದವು, ಕುಬಸದ ಖಣ, ಲಂಗದ ಝರಿ ಇಲ್ಲದ ಅಂಚು, ಮೊಮ್ಮಗಳ ಹೂವಿನ ಫ್ರಾಕು, ಇವು ಮೇಲ್ಮೈಗೆ ಬೇರೆಯಾಗಿ ಕೂರುತ್ತವೆ.

ಆಮೇಲೆ ಅಡಿಯ ಸೀರೆ ಹಾಸುವುದು. ನಾಲ್ಕು ಮೂಲೆಗೆ ಕಲ್ಲು. ತುಸು ನೀರು ಚಿಮುಕಿಸಿ ನಡುವಿನಿಂದ ಅಂಚಿನ ಕಡೆಗೆ ಅಂಗೈಯಿಂದ ಸವರಿ ಸವರಿ ಸುಕ್ಕು ಹೊರಗೆ ಹಾಕುತ್ತಾರೆ. ನೀರು ಆರಿದ ಮೇಲೆ ಒಡಲಿನ ಪದರ. ಹರಿದ ಕಡೆ ಇನ್ನೊಂದು ತುಂಡು ಬರುವಂತೆ, ಒಂದರ ತೂತಿನ ಮೇಲೆ ಇನ್ನೊಂದರ ತೂತು ಬಾರದಂತೆ ನೋಡಿಕೊಳ್ಳುತ್ತಾರೆ. ಇಲ್ಲಿ ಅವರ ಕೈ ಎಲ್ಲಿಯೂ ಅವಸರ ಮಾಡುವುದಿಲ್ಲ.

ಮೇಲಿನ ತುಂಡುಗಳ ಜೋಡಣೆ ಬಂದಾಗ ಆಯಿಯ ಮಾತು ನಿಲ್ಲುತ್ತದೆ. ಒಂದು ತುಂಡು ಇಟ್ಟು ಹಿಂದೆ ಸರಿದು ನೋಡುತ್ತಾರೆ. ಇನ್ನೊಂದು ಇಡುತ್ತಾರೆ, ಮೊದಲಿನದನ್ನು ತೆಗೆಯುತ್ತಾರೆ. ಮಾಳಿಗೆಗೆ ಹತ್ತುವ ನಿಚ್ಚಣಿಕೆ ಪಡಸಾಲೆಯ ಮೂಲೆಯಲ್ಲಿಯೇ ಇದೆಯಲ್ಲ, ಅದರ ಮೂರು ಮೆಟ್ಟಿಲು ಏರಿ, ಒಂದು ಕೈಯಿಂದ ಗಳ ಹಿಡಿದುಕೊಂಡು ಮೇಲಿಂದ ನೋಡುತ್ತಾರೆ. ‘ಆ ಕೆಂಪ ಕಣ್ಣಿಗೆ ಹೊಡೀತೈತಿ. ತಗದ ಈ ಕಡೆ ಹಾಕವಾ’ ಎಂದು ಕೆಳಗಿದ್ದ ಹುಡುಗಿಗೆ ಹೇಳುತ್ತಾರೆ. ಆ ಕೆಂಪು ಇಳಕಲ್ ಸೀರೆಯ ಸೆರಗಿನದು. ಇಳಕಲ್ ಸೆರಗು ಅಂದರೆ ಸುಮ್ಮನೆ ಕೆಂಪು ಅಲ್ಲ. ಬಿಳಿ ಎಳೆಯಲ್ಲಿ ಹಣಿಗೆ ಹಲ್ಲು, ಕೋಟೆಯ ತೆನೆ, ಜೋಳದ ತೆನೆ ಎಲ್ಲ ನೇಯ್ದಿರುತ್ತಾರೆ. ಒಡಲು ಹರಿದು ಹೋದರೂ ಸೆರಗು ಗಟ್ಟಿ ಉಳಿಯುತ್ತದೆ. ಆಯಿ ಆ ಸೆರಗನ್ನು ಉದ್ದುದ್ದ ಪಟ್ಟಿ ಕತ್ತರಿಸಿ, ಹಣಿಗೆಯ ಸಾಲು ಮುರಿಯದ ಹಾಗೆ ನಾಲ್ಕೂ ಅಂಚಿಗೆ ಓಡಿಸಿದರು. ನಡುವೆ ಇದ್ದಾಗ ಕಣ್ಣಿಗೆ ಹೊಡೆಯುತ್ತಿದ್ದ ಕೆಂಪು ಅಂಚಿಗೆ ಹೋದ ಕೂಡಲೇ ಒಳಗಿನ ನೀಲಿ, ಹಸಿರು, ಮಾಸಿದ ಬಿಳಿ ಎಲ್ಲ ತಮ್ಮ ತಮ್ಮ ಜಾಗದಲ್ಲಿ ಕೂತವು. ಚಿತ್ರ ಬರೆಯುವವರು ಕ್ಯಾನ್ವಾಸಿನ ಮುಂದೆ ನಿಂತು ಮಾಡುವ ವಿಚಾರ ಇದೇ. ಆಯಿಯ ಈ ವಿಚಾರಕ್ಕೆ ನಿಚ್ಚಣಿಕೆ ಬೇಕು, ಕೆಳಗೆ ಪೂರ್ತಿ ಹರವಿದ ನೆಲ ಬೇಕು.

ಇನ್ನೂ ಒಂದು ಸಂಗತಿ ಇದೆ. ಜೋಡಿಸಿದ್ದು ಅವತ್ತೇ ಆಯಿಯ ಮನಸ್ಸಿಗೆ ಬರುವುದಿಲ್ಲ. ರಾತ್ರಿ ಹಾಗೆಯೇ ಬಿಡುತ್ತಾರೆ. ಮನೆಮಂದಿ ಗೋಡೆಯ ಬದಿಗೆ ಹಿಡಿದು ಓಡಾಡುತ್ತಾರೆ. ಬೆಳಿಗ್ಗೆ ಎದ್ದು ಬಂದು ಎರಡು ತುಂಡು ಅದಲುಬದಲು ಮಾಡುತ್ತಾರೆ. ಮಡಚಿ ಎತ್ತಿಟ್ಟರೆ ಆ ಅಂದಾಜೆಲ್ಲ ಹೋಯಿತು. ದಿನಾ ಸಂಜೆ ಎತ್ತಿಡಬೇಕಾದ ಜಾಗದಲ್ಲಿ ಇಂಥ ಕೆಲಸ ಆಗುವುದಿಲ್ಲ.

‘ಅಷ್ಟೆಲ್ಲಾ ವಿಚಾರ ಮಾಡ್ತಾರೇನ್ರಿ ನಮ್ಮ ಅತ್ತಿ?’ ಎಂದು ವೈನಿ ಕೇಳಿದರು. ಇಷ್ಟು ವರ್ಷ ಅದೇ ಕೌದಿ ಹೊದ್ದುಕೊಂಡು ಮಲಗಿದ್ದಾರೆ, ಆದರೆ ಆಯಿ ಹಾಸುವ ಹೊತ್ತಿಗೆ ಅವರು ಅಡುಗೆಮನೆಯಲ್ಲಿ ಇರುತ್ತಾರೆ. ನೋಡಲು ಬಿಡುವು ಎಲ್ಲಿ?

ಬೆಳಕಿನ ಮಾತೂ ಬಂತು. ಮಣ್ಣಿನ ಮಾಳಿಗೆಗೆ ಮೇಲೆ ಬೆಳಕಿಂಡಿ ಇರುತ್ತದೆ. ಅಲ್ಲಿಂದ ಇಳಿಯುವ ಬೆಳಕು ನೆಲದ ಮೇಲೆ ಚೆಲ್ಲುತ್ತದೆ, ಒಂದು ಪಕ್ಕ ಕತ್ತಲೆ ಇನ್ನೊಂದು ಪಕ್ಕ ಝಳ ಅಂತ ಆಗುವುದಿಲ್ಲ. ಪಟ್ಟಣದ ಚಿತ್ರಕಾರರು ದುಡ್ಡು ಕೊಟ್ಟು ಛಾವಣಿಗೆ ಗಾಜು ಹಾಕಿಸಿಕೊಳ್ಳುವುದು ಇಂಥದೇ ಬೆಳಕಿಗಾಗಿ. ಆಯಿಗೆ ಕಣ್ಣು ಮಂದವಾಗಿದೆ, ಆದರೂ ಬೆಳಕಿಂಡಿಯ ಕೆಳಗೆ ಕೂತರೆ ಬಿಳಿ ಬಟ್ಟೆಯ ಮೇಲೆ ಬಿಳಿ ದಾರದ ಟಾಕಿ ಅವರಿಗೆ ಕಾಣುತ್ತದೆ. ಹೊಸ ನಕ್ಷೆಯ ಹಾಲಿಗೆ ಇದ್ದದ್ದು ಒಂದೇ ಕಿಟಕಿ, ಅದರ ಮುಂದೆ ಸೋಫಾದ ಬೆನ್ನು.

ಹೊಲಿಗೆಯ ವಿಷಯಕ್ಕೆ ಬರೋಣ. ಮೊದಲು ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ ಪದರಗಳನ್ನು ಹಿಡಿಸುತ್ತಾರೆ. ಆಮೇಲೆ ಉದ್ದನೆಯ ದಪ್ಪ ಸೂಜಿ, ಎರಡೆಳೆ ನೂಲು, ಬೆರಳಿಗೆ ಚಿಂದಿ ಸುತ್ತಿಕೊಂಡು ಅಂಚಿನಿಂದ ಶುರು. ನಾಲ್ಕು ಪಕ್ಕಕ್ಕೆ ನಾಲ್ವರು. ಒಂದು ಸುತ್ತು ಆದ ಮೇಲೆ ಬೆರಳಗಲ ಬಿಟ್ಟು ಒಳಗೆ ಇನ್ನೊಂದು ಸುತ್ತು. ಹೀಗೆ ಚೌಕದೊಳಗೆ ಚೌಕ ಕಟ್ಟುತ್ತಾ ಹೊಲಿಯುವವರೂ ಕೌದಿಯ ಮೇಲೆಯೇ ಕೂತು ನಡುವಿನ ಕಡೆಗೆ ಜರುಗುತ್ತಾರೆ. ಕಡೆಯ ಸುತ್ತಿನಲ್ಲಿ ನಾಲ್ವರ ಮೊಣಕಾಲೂ ಒಂದಕ್ಕೊಂದು ತಾಗುತ್ತವೆ. ಒಬ್ಬಾಕೆಯ ಟಾಕಿ ಸಣ್ಣ, ಒಬ್ಬಾಕೆಯದು ಜೋಳದ ಕಾಳಿನಷ್ಟು. ಒಬ್ಬಾಕೆ ದಾರ ಬಿಗಿ ಎಳೆಯುತ್ತಾಳೆ, ಆ ಪಕ್ಕ ಬಟ್ಟೆ ಅಲೆಅಲೆಯಾಗಿ ಏಳುತ್ತದೆ. ಹಳೆಯ ಕೌದಿ ಹರವಿದರೆ ಇದು ಸತ್ತುಹೋದ ಸೋದರತ್ತಿಯ ಕೈ, ಇದು ಗೋಕಾಕಿಗೆ ಕೊಟ್ಟ ಮಗಳ ಕೈ ಎಂದು ಆಯಿ ಬೆರಳಿಟ್ಟು ತೋರಿಸುತ್ತಾರೆ.

ಸುತ್ತಲೂ ಕೂತು ಮಾಡುವುದರಿಂದಲೇ ಕೌದಿಗೆ ತಲೆ ಬುಡ ಅಂತ ಇರುವುದಿಲ್ಲ. ಯಾವ ಪಕ್ಕದಿಂದ ನೋಡಿದರೂ ಅದು ಸರಿಯಾಗಿಯೇ ಕಾಣಬೇಕು, ಯಾಕೆಂದರೆ ಆ ಪಕ್ಕದಲ್ಲಿ ಒಬ್ಬಾಕೆ ಕೂತು ಅದನ್ನು ನೋಡಿದ್ದಾಳೆ. ಗೋಡೆಗೆ ತೂಗುಹಾಕಿದ ಕೌದಿ ನೋಡಿದಾಗಲೆಲ್ಲ ನನಗೆ ಏನೋ ಕಡಿಮೆಯಾದ ಹಾಗೆ ಅನಿಸುತ್ತದೆ. ಒಂದು ಪಕ್ಕ ಮೇಲಾಗಿಬಿಡುತ್ತದೆ, ಉಳಿದ ಮೂರು ಪಕ್ಕದಲ್ಲಿ ಕೂತವರು ಕಾಣೆಯಾಗುತ್ತಾರೆ.

ಗೋಡೆಗೆ ತೂಗುಹಾಕುವುದು ತಪ್ಪೆಂದು ನಾನು ಹೇಳುವುದಿಲ್ಲ. ಅದರಿಂದ ಕೆಲವರ ಹೆಸರು ಹೊರಗೆ ಬಂದಿದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕೌದಿಯನ್ನೇ ನೋಡಿ, ಅವರು ಅದಕ್ಕೆ ಕವಂದಿ ಅನ್ನುತ್ತಾರೆ. ಅವರ ಹಿರಿಯರನ್ನು ಆಫ್ರಿಕದಿಂದ ಗೋವಕ್ಕೆ ತಂದು ಗುಲಾಮರನ್ನಾಗಿ ಇಟ್ಟುಕೊಂಡಿದ್ದರು, ಅಲ್ಲಿಂದ ತಪ್ಪಿಸಿಕೊಂಡು ಬಂದವರು ಕಾಡಿನ ಅಂಚಿಗೆ ನೆಲೆಸಿದರು. ಅವರೂ ನಮ್ಮ ಹಾಗೆಯೇ ಅಂಚಿನಿಂದ ಒಳಗೆ ಸುತ್ತುತ್ತ ಹೊಲಿಯುತ್ತಾರೆ. ನಾಲ್ಕು ಮೂಲೆಗೆ ಬಟ್ಟೆಯನ್ನು ಮಡಚಿ ಮಡಚಿ ಹೂವಿನಂಥ ತುದಿ ಮಾಡುತ್ತಾರೆ, ಅದು ಇಲ್ಲದಿದ್ದರೆ ಕವಂದಿ ಮುಗಿದಂತಲ್ಲ. ಅಮೆರಿಕದ ಪ್ರಾಧ್ಯಾಪಕ ಹೆನ್ರಿ ಡ್ರೂವಲ್ ಈ ಊರುಗಳಿಗೆ ಬಂದು, ಹೊಲಿಯುವವರ ಜೊತೆಗೆ ಕೂತು ಅಭ್ಯಾಸ ಮಾಡಿದರು. 2011ರಲ್ಲಿ ಆ ಕವಂದಿಗಳ ಪ್ರದರ್ಶನ ನ್ಯೂಯಾರ್ಕಿನ ಶಾಂಬರ್ಗ್ ಕೇಂದ್ರದಲ್ಲಿ ನಡೆಯಿತು.

ಇದಕ್ಕೂ ಮೊದಲು ಅಮೆರಿಕದಲ್ಲಿಯೇ ಇನ್ನೊಂದು ಊರು ಹೆಸರಾಯಿತು. ಅಲಬಾಮಾ ರಾಜ್ಯದಲ್ಲಿ ನದಿ ಮೂರು ಕಡೆಯಿಂದ ಬಳಸಿಕೊಂಡ ಜೀಸ್ ಬೆಂಡ್ ಎಂಬ ಸಣ್ಣ ಊರು. ಹತ್ತಿ ತೋಟದ ಗುಲಾಮರ ಮಕ್ಕಳು ಮೊಮ್ಮಕ್ಕಳು ಅಲ್ಲಿ ಉಳಿದರು. ಹೊಲದಲ್ಲಿ ಸವೆದ ಪ್ಯಾಂಟು, ಅಂಗಿ, ಹಿಟ್ಟಿನ ಚೀಲ ಕೂಡಿಸಿ ಆ ಹೆಣ್ಣುಮಕ್ಕಳು ಹೊದಿಕೆ ಹೊಲಿದರು. ಪ್ಯಾಂಟಿನ ಮೊಣಕಾಲು ಮಾಸಿದ ಗುರುತು, ಕಿಸೆ ಕಿತ್ತ ಜಾಗದ ಗಾಢ ನೀಲಿ, ಎಲ್ಲವೂ ಹಾಗೆಯೇ ಕಾಣುತ್ತವೆ. 2002ರಲ್ಲಿ ಅವು ಹ್ಯೂಸ್ಟನ್ನಿನ ವಸ್ತುಸಂಗ್ರಹಾಲಯಕ್ಕೆ ಹೋದವು, ಆಮೇಲೆ ನ್ಯೂಯಾರ್ಕಿನ ವಿಟ್ನಿ ಸಂಗ್ರಹಾಲಯಕ್ಕೆ. 2006ರಲ್ಲಿ ಅಮೆರಿಕ ಸರ್ಕಾರ ಅವುಗಳ ಚಿತ್ರ ಹಾಕಿ ಅಂಚೆಚೀಟಿ ತಂದಿತು. ಅವರಲ್ಲಿ ಹೆಚ್ಚಿನವರಿಗೆ ಬೇರೆ ಕೆಲಸದ ಖೋಲಿ ಇರಲಿಲ್ಲ. ಮನೆಯೇ ಖೋಲಿ.

ಇದನ್ನೆಲ್ಲ ಕೇಳಿ ವೈನಿ ನಕ್ಷೆಯನ್ನು ತಿರುಗಿಸಿ ನೋಡಿದರು. ‘ಹಂಗಾರ ಈ ಟೇಬಲ್ಲ ಯಾಕ ಬೇಕು? ನಾವು ಕೆಳಗ ಕುಂತ ಉಣ್ಣೋರು’ ಎಂದರು. ಟೀಪಾಯಿ ಬೇಡವೇ ಬೇಡ, ಹುಡುಗರು ಎಡವುತ್ತಾರೆ. ಸೋಫಾ ಒಂದೇ ಗೋಡೆಗೆ ಇರಲಿ, ಬೀಗರು ಬಂದರೆ ಬೇಕಾಗುತ್ತದೆ. ಹೀಗೆ ಒಂದೊಂದನ್ನೇ ತೆಗೆದ ಮೇಲೆ ನಡುವೆ 11 ಅಡಿ ಉದ್ದ, 12 ಅಡಿ ಅಗಲದ ನೆಲ ಬಿಡುವಾಯಿತು. ಛಾವಣಿಗೆ ಗಾಜಿನ ಬಿಲ್ಲೆ ಕೂಡಿಸಿ ಬೆಳಕಿಂಡಿ ಬಿಡಲು ಬರುತ್ತದೆ, ಗೌಂಡಿಗೆ ಮೊದಲೇ ಹೇಳಬೇಕಷ್ಟೇ. ನೆಲಕ್ಕೆ ಹೊಳೆಯುವ ಟೈಲ್ಸ್ ಬದಲು ಶಹಾಬಾದ ಫರಸಿ ಹಾಕಿಸಿದರೆ ಹಾಸಿದ ಅರಬಿ ಜಾರುವುದಿಲ್ಲ ಎಂದೂ ನಾನು ಹೇಳಿದೆ. ಅದಕ್ಕೆ ಮಗನನ್ನು ಕೇಳಬೇಕು ಅಂದರು.

ನೆಲ ಹೋದ ಮನೆಗಳಲ್ಲಿ ಏನಾಗುತ್ತಿದೆ ಎಂದು ಓಣಿಯಲ್ಲಿಯೇ ನೋಡಬಹುದು. ಹೊಲಿಯುವ ಕೈ ಇದೆ, ಹರವಲು ಜಾಗವಿಲ್ಲ. ಒಬ್ಬರು ಮಾಳಿಗೆಯ ಮೇಲೆ ಸ್ಲ್ಯಾಬಿನ ಬಿಸಿಗೆ ಕೂತು ಹೊಲಿದು ನೋಡಿದರು, ಎರಡು ದಿನಕ್ಕೆ ಬಿಟ್ಟರು. ಇನ್ನೊಬ್ಬರು ಗುಡಿಯ ಕಟ್ಟೆಗೆ ಒಯ್ದರು. ನಮ್ಮ ಮಂಗಸೂಳಿ ಖಂಡೋಬನ, ಅಂದರೆ ಮಲ್ಲಯ್ಯನ ಊರು, ಭಕ್ತರು ಬರುತ್ತಲೇ ಇರುತ್ತಾರೆ, ಹಾಸಿದ ತುಂಡುಗಳನ್ನು ರಾತ್ರಿ ಅಲ್ಲಿ ಹಾಗೆಯೇ ಬಿಡಲು ಬರುವುದಿಲ್ಲ. ಕಡೆಗೆ ಅವರು ಎರಡು ಸೀರೆ ಕೂಡಿಸಿ ಮೆಷಿನ್ನಿಗೆ ಕೊಟ್ಟರು. ಮೆಷಿನ್ನಿನ ಹೊಲಿಗೆ ನೆಟ್ಟಗಿರುತ್ತದೆ ನಿಜ, ಆದರೆ ಆರೇಳು ಪದರ ಅದರ ಕಾಲಿನ ಕೆಳಗೆ ಸಲೀಸಾಗಿ ಹೋಗುವುದಿಲ್ಲ, ಹೋದರೂ ಬಟ್ಟೆ ಬಿರುಸಾಗುತ್ತದೆ. ಕೈಹೊಲಿಗೆಯ ಕೌದಿ ಮೈಗೆ ತಕ್ಕಂತೆ ಬಾಗುತ್ತದೆ.

ಅರಬಿಯದೂ ತ್ರಾಸು ಇದೆ. ಈಗ ಗಂಟಿಗೆ ಬೀಳುವುದು ಬಹಳಷ್ಟು ಪಾಲಿಯೆಸ್ಟರ್ ಸೀರೆ. ಅದು ಹರಿಯುವುದಿಲ್ಲ, ಮೆತ್ತಗಾಗುವುದಿಲ್ಲ, ಒಂದರ ಮೇಲೊಂದು ಇಟ್ಟರೆ ಜಾರುತ್ತದೆ, ಬೆವರು ಹೀರುವುದಿಲ್ಲ. ಇಚಲಕರಂಜಿ ದೂರವಿಲ್ಲ, ಪವರ್‌ಲೂಮಿನ ಊರು, ಹತ್ತಿ ಬಟ್ಟೆ ತರಬಹುದು. ಸೊಲ್ಲಾಪುರದ ಚಾದರವಂತೂ ಮನೆಮನೆಯಲ್ಲಿದೆ, ಗಟ್ಟಿ, ಬೆಚ್ಚಗೆ, ಅದನ್ನು ಜರಿಯುವ ಮನಸ್ಸು ನನಗಿಲ್ಲ. 2005ರಲ್ಲಿ, 2019ರಲ್ಲಿ ಕೃಷ್ಣೆ ಉಕ್ಕಿ ದಂಡೆಯ ಊರುಗಳಿಗೆ ನೀರು ನುಗ್ಗಿದಾಗ ಮಂದಿ ಚಾದರ ಹೊದ್ದುಕೊಂಡೇ ದಿನ ಕಳೆದರು. ನೀರು ಕುಡಿದ ಕೌದಿಯನ್ನು ಇಬ್ಬರು ಕೂಡಿದರೂ ಎತ್ತಲಾಗುವುದಿಲ್ಲ, ಎಲ್ಲಿಂದ ಹೊತ್ತು ತರಬೇಕು? ಚಾದರವನ್ನು ಪೇಟೆಯಿಂದ ಮತ್ತೆ ತರಬಹುದು. ಅಮ್ಮ ಉಟ್ಟ ಸೀರೆ, ಅಪ್ಪ ಉಟ್ಟ ಧೋತರ ಒಳಗೆ ಇರುವ ಕೌದಿ ರಾಡಿಯಾದರೆ ಅದನ್ನು ಎಲ್ಲಿಯೂ ಕೊಳ್ಳಲು ಸಿಗುವುದಿಲ್ಲ. ಆ ಮನೆಗಳ ಹೆಂಗಸರು ನೆರೆ ಇಳಿದ ಮೇಲೆ ಮತ್ತೆ ಅರಬಿ ಕೂಡಿಹಾಕುತ್ತಾ ಕೂತರಲ್ಲ, ಅದು ಸಣ್ಣ ಸಂಗತಿಯಲ್ಲ.

ಇಷ್ಟರಲ್ಲಿ ಆಯಿಯೇ ಕೋಲೂರಿಕೊಂಡು ಬೇಲಿಯ ಹತ್ತಿರ ಬಂದರು. ವೈನಿ ಒಳಗೆ ಹೋಗಿ ಟ್ರಂಕಿನಿಂದ ಒಂದು ಹತ್ತಿ ಸೀರೆ ತಂದು ಅವರ ಕೈಗೆ ಇಟ್ಟರು. ಜಾತ್ರೆಯಲ್ಲಿ ಉಟ್ಟದ್ದು, ಹೆಗಲ ಮೇಲೆಲ್ಲ ಭಂಡಾರದ ಅರಿಶಿನ ಬಿದ್ದಿದೆ. ಕಲೆ ಹೋಗಲೆಂದು ವೈನಿ ಸಾಬೂನು ಹಚ್ಚಿದ್ದರಂತೆ, ಹಳದಿ ಹೋಗಿ ಕೆಂಪಾಯಿತು. ಅರಿಶಿನಕ್ಕೆ ಸಾಬೂನಿನ ಕ್ಷಾರ ತಾಗಿದರೆ ಹಾಗೆಯೇ. ಬಿಸಿಲಿಗೆ ಹಾಕಿದಾಗ ಮಾಸಿತು, ಆದರೂ ಮಡಿಕೆಯ ಗೆರೆಗಳಲ್ಲಿ ಹೊಂಬಣ್ಣ ಅಲ್ಲಲ್ಲಿ ನಿಂತಿದೆ. ‘ಇದನ್ನ ಚಿಂದಿ ಮಾಡಿ ಒಗೀಬೇಕಂತ ಇದ್ದೆ’ ಎಂದರು ವೈನಿ.

ಆಯಿ ಸೀರೆಯನ್ನು ಬೆರಳುಗಳ ನಡುವೆ ತಿಕ್ಕಿದರು, ಜಗ್ಗಿದರು, ಬಿಸಿಲಿಗೆ ಹಿಡಿದರು. ‘ಮಲ್ಲಯ್ಯನ ಭಂಡಾರ ಬಿದ್ದದ್ದ ಯಾಕ ಒಗೀತಿ? ಕಲಿ ಇದ್ದದ್ದ ಮ್ಯಾಲ ಬರ್ಲಿ, ನಟ್ಟನಡುವ ಕೂಡಸೂಣು. ಸುತ್ತ ಬಿಳೇ ಧೋತರ ಹಾಕಿದ್ರ ಎದ್ದ ಕಾಣತೈತಿ’ ಎಂದರು. ನಿಂತಲ್ಲಿಯೇ ಕೋಲಿನ ತುದಿಯಿಂದ ಮಣ್ಣಿನ ಮೇಲೆ ಒಂದು ಚೌಕ ಗೀರಿ, ಅದರೊಳಗೆ ಇನ್ನೊಂದು ಗೀರಿ, ಯಾವುದು ಎಲ್ಲಿ ಎಂದು ತೋರಿಸತೊಡಗಿದರು.

ಬಿಳಿ ಧೋತರವೇ ಕಡಿಮೆ ಬಿದ್ದಿದೆ. ಮಂಗಸೂಳಿ ಸುತ್ತಮುತ್ತ ಯಾರ ಮನೆಯಲ್ಲಾದರೂ ಹಳೆಯ ಹತ್ತಿ ಧೋತರ, ಪಟಗಾ, ಪಂಜೆ ಇದ್ದರೆ ಒಗೆದು ಒಣಗಿಸಿ ತಂದುಕೊಡಿ. ಹರಿದಿದ್ದರೂ ನಡೆಯುತ್ತದೆ, ಪಾಲಿಯೆಸ್ಟರ್ ಮಾತ್ರ ಬೇಡ. ಈ ಬ್ಯಾಸಿಗೆಗೆ ಹಳೆಯ ಪಡಸಾಲೆ ಇನ್ನೂ ನಿಂತೇ ಇರುತ್ತದೆ, ಮನೆ ಕೆಡವುವುದು ಮಳೆಗಾಲ ಮುಗಿದ ಮೇಲೆ ಎಂದು ವೈನಿ ಹೇಳಿದ್ದಾರೆ. ನಾಲ್ಕನೆಯ ಪಕ್ಕಕ್ಕೆ ಕೂರಲು ಒಂದು ಕೈಯೂ ಬೇಕಾಗಿದೆ.